ಹಬ್ಬದ ಉಡುಗೊರೆ: ಪೆಟ್ಟಿಗೆ ಯಾರಿಗೆ, ಪ್ರಯೋಜನ ಯಾರಿಗೆ?

ದೀಪಾವಳಿಯ ಉಡುಗೊರೆಯ ವಿಷಯದಲ್ಲಿ ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರ್ ತಿಂಗಳಲ್ಲಿ ಎರಡು ಬಗೆಯ ಮಾತುಗಳನ್ನಾಡಿತು. ದೀಪಾವಳಿ ಹಾಗೂ ಇತರ ಹಬ್ಬಗಳ ಉಡುಗೊರೆಗಾಗಿ ಸಾರ್ವಜನಿಕ ಹಣವನ್ನು ವೆಚ್ಚ ಮಾಡಕೂಡದೆಂದು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯು ಸಚಿವಾಲಯಗಳಿಗೂ ಸಾರ್ವಜನಿಕ ಉದ್ದಿಮೆಗಳಿಗೂ ಸೂಚನೆ ಹೊರಡಿಸಿತು. ಅದೇ ತಿಂಗಳ 22ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಬಾದಾಮಿ, ಪಿಸ್ತಾ ಮುಂತಾದವುಗಳ ಮೇಲಿನ ತೆರಿಗೆಯನ್ನು ಶೇ. 12ರಿಂದ 5ಕ್ಕೆ, ಚಾಕೊಲೇಟ್ ಮೇಲಿನದನ್ನು ಶೇ. 18ರಿಂದ 5ಕ್ಕೆ ಇಳಿಸಿದವು. ಸರ್ಕಾರ ಕೊಡಬಾರದು, ಪ್ರಜೆಗಳು ಮಾತ್ರ ಧಾರಾಳವಾಗಿ ಕೊಳ್ಳಬೇಕು ಎಂಬುದು ಇದರ ತಾತ್ಪರ್ಯ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಬೊಕ್ಕಸದ ಹಣದಿಂದ ಅಧಿಕಾರಿಗಳ ಮನೆಗೆ ಸಿಹಿತಿಂಡಿ ಕಳುಹಿಸುವ ಪದ್ಧತಿ ನಿಲ್ಲಬೇಕಾದದ್ದೇ. ಆದರೆ ಖಾಸಗಿ ಹಣದಿಂದ ಕೊಳ್ಳುವ ಉಡುಗೊರೆಯಾದರೂ ಎಲ್ಲಿಗೆ ಹೋಗುತ್ತದೆ, ಯಾರಿಗೆ ಉಪಯೋಗವಾಗುತ್ತದೆ ಎಂಬ ಪ್ರಶ್ನೆಯನ್ನು ಯಾವ ಆದೇಶವೂ ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದ್ದಿತ್ತು. 2021ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿಗಳನ್ನು ಕೈಬಿಟ್ಟು ಕನ್ನಡ ಪುಸ್ತಕ ಕೊಡಬಹುದೆಂದರು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ಎರಡನೆಯ ಬಾರಿಗೆ ಮುಖ್ಯಮಂತ್ರಿಯಾದಾಗ, ಗೌರವಾರ್ಥವಾಗಿ ನೀಡುವ ಹೂವು, ಶಾಲುಗಳನ್ನು ಸ್ವೀಕರಿಸುವುದಿಲ್ಲ, ಕೊಡಲೇಬೇಕೆನಿಸಿದರೆ ಪುಸ್ತಕ ಕೊಡಿ ಎಂದರು. ಪಕ್ಷಗಳು ಬೇರೆಯಾದರೂ ಅಭಿಪ್ರಾಯ ಒಂದೇ. ಈ ಸೂಚನೆಗಳ ನಂತರವೂ ವೇದಿಕೆಗಳ ಮೇಲೆ ಹಾರದ ರಾಶಿ ಕರಗಲಿಲ್ಲ ಎಂಬುದು ಬೇರೆ ಮಾತು. ಉಡುಗೊರೆ ಬೇಕಿರುವುದು ಪಡೆಯುವವರಿಗಲ್ಲ, ಕೊಟ್ಟದ್ದು ನಾಲ್ಕು ಜನಕ್ಕೆ ಕಾಣಬೇಕೆನ್ನುವ ಕೊಡುವವರಿಗೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಹಾಗೆ ನೋಡಿದರೆ ಉಪಯುಕ್ತ ಉಡುಗೊರೆ ನಮಗೆ ಹೊಸ ವಿಚಾರವೇನಲ್ಲ. ಗೌರಿ ಹಬ್ಬದ ಮೊರದ ಬಾಗಿನವನ್ನೇ ಗಮನಿಸಿರಿ. ಬಿದಿರಿನ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ. ಹಬ್ಬ ಮುಗಿದ ಮರುದಿನದಿಂದಲೇ ಬೇಳೆ ಬೆಲ್ಲ ಅಡುಗೆಮನೆ ಸೇರುತ್ತಿದ್ದವು, ಮೊರ ವರ್ಷವಿಡೀ ಅಕ್ಕಿ ಕೇರುತ್ತಿತ್ತು. ಹೆಣೆದ ಮೇದರ ಕುಟುಂಬಕ್ಕೆ ಹಬ್ಬದ ಮುಂಚಿನ ತಿಂಗಳುಗಳಲ್ಲಿ ಕೈತುಂಬ ಕೆಲಸ ಸಿಗುತ್ತಿತ್ತು. ಕೊಡುವವರು, ಪಡೆಯುವವರು, ತಯಾರಿಸುವವರು ಮೂವರಿಗೂ ಪ್ರಯೋಜನವಾಗುವ ವ್ಯವಸ್ಥೆಯಾಗಿತ್ತು ಅದು. ಇಂದು ಅಂಗಡಿಗಳಲ್ಲಿ ‘ಬಾಗಿನ ಸೆಟ್’ ಹೆಸರಿನಲ್ಲಿ ಅಂಗೈಯಗಲದ ಮೊರ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಚಿಟಿಕೆ ಬೇಳೆ, ಬೊಂಬೆಗೂ ಸಾಲದ ಬಳೆ ಸಿಗುತ್ತವೆ. ಶಾಸ್ತ್ರಕ್ಕೆ ಲೋಪವಿಲ್ಲ, ಉಪಯೋಗವೂ ಇಲ್ಲ. ರವಿಕೆ ಕಣದ ಕಥೆಯಂತೂ ಹೇಳುವುದೇ ಬೇಡ. ಯಾರ ಅಳತೆಗೂ ಸಾಲದಷ್ಟು ಕಿರಿದಾಗಿ ಕತ್ತರಿಸಿದ ಆ ಬಟ್ಟೆ ಒಂದು ಮನೆಯ ಅರಿಶಿನ ಕುಂಕುಮದಿಂದ ಇನ್ನೊಂದು ಮನೆಗೆ ಸಾಗುತ್ತಾ, ಕೆಲವೊಮ್ಮೆ ಮೊದಲು ಕೊಟ್ಟವರ ಕೈಗೇ ಮರಳುವುದುಂಟು.

ದೀಪಾವಳಿಯ ಒಣಹಣ್ಣಿನ ಪೆಟ್ಟಿಗೆಯೂ ಇದೇ ರವಿಕೆ ಕಣದ ಹಾದಿಯಲ್ಲಿದೆ. ಮಿರುಗುವ ಕಾಗದ, ರಟ್ಟಿನ ಹೊದಿಕೆ, ಅದರೊಳಗೆ ಪ್ಲಾಸ್ಟಿಕ್ ತಟ್ಟೆ, ತಟ್ಟೆಯ ನಾಲ್ಕು ಕುಳಿಗಳಲ್ಲಿ ಒಂದೊಂದು ಹಿಡಿ ಗೋಡಂಬಿ, ದ್ರಾಕ್ಷಿ. ತೂಕ ಹಾಕಿದರೆ ಕೊಟ್ಟ ಹಣದಲ್ಲಿ ಎಷ್ಟು ಪಾಲು ಪೆಟ್ಟಿಗೆಗೇ ಸಂದಿತೆಂಬುದು ತಿಳಿಯುತ್ತದೆ. ಇಂತಹ ಪೆಟ್ಟಿಗೆಗಳು ಬಹುಪಾಲು ಹೋಗುವುದು ಈಗಾಗಲೇ ಅವು ತುಂಬಿರುವ ಮನೆಗಳಿಗೆ, ಅಂದರೆ ಗುತ್ತಿಗೆ ಮಂಜೂರು ಮಾಡುವವರ, ಬಿಲ್ಲಿಗೆ ಸಹಿ ಹಾಕುವವರ, ಮುಂದೊಂದು ದಿನ ಉಪಯೋಗಕ್ಕೆ ಬರಬಹುದಾದವರ ಮನೆಗಳಿಗೆ. ಭ್ರಷ್ಟಾಚಾರ ತಡೆ ಕಾಯ್ದೆಯು ಅನುಚಿತ ಲಾಭ ಎನ್ನುವುದು ಇಲ್ಲಿಂದ ಬಹಳ ದೂರವೇನಿಲ್ಲ.

ಅದೇ ಹಣ ಎಲ್ಲಿ ಸಲ್ಲಬಹುದು? ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಆಲೆ ಮರದ ತುಂಡನ್ನು ಲೇತ್‌ಗೆ ಕಟ್ಟಿ ತಿರುಗಿಸುತ್ತಾ, ತಿಕ್ಕಾಟದ ಬಿಸಿಯಿಂದಲೇ ಬಣ್ಣ ಬೆರೆಸಿದ ಅರಗನ್ನು ಅದಕ್ಕೆ ಹಿಡಿಸುವ ಕಲೆ ಅಲ್ಲಿನದು. ಈ ಬೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. 2021ರ ಜನವರಿಯಿಂದ ಆಟಿಕೆಗಳಿಗೆಲ್ಲ ಐಎಸ್ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಇಂತಹ ಮಾನ್ಯತೆಯುಳ್ಳ ಉತ್ಪನ್ನಗಳಿಗೆ ವಿನಾಯಿತಿ ನೀಡಲಾಯಿತು. ಮರದ ಆಟಿಕೆಯ ಮೇಲಿನ ತೆರಿಗೆಯೂ ಶೇ. 12ರಿಂದ 5ಕ್ಕೆ ಇಳಿದಿದೆ. ಮಗುವಿರುವ ಮನೆಗೆ ಇದಕ್ಕಿಂತ ಉತ್ತಮ ಉಡುಗೊರೆ ಬೇಕಿಲ್ಲ. ಮಗುವಿಲ್ಲದ ಮನೆಗೆ ಅಲ್ಲಿಯದೇ ಡಬ್ಬಿ, ಬಟ್ಟಲು, ದೀಪದ ಕಂಬಗಳಿವೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಜಮಖಾನೆ, ಚಳ್ಳಕೆರೆಯ ಕಂಬಳಿ, ಹುಬ್ಬಳ್ಳಿ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಟ್ಟೆ, ಇಳಕಲ್ಲಿನ ಸೀರೆ ಇವುಗಳಲ್ಲಿ ಯಾವುದೂ ಕಪಾಟಿನೊಳಗೆ ಧೂಳು ತಿನ್ನುವ ವಸ್ತುವಲ್ಲ. ವಯಸ್ಸಾದವರಿಗೆ ಕಾರ್ತಿಕದ ಚಳಿಗೆ ಕಂಬಳಿ ಕೊಟ್ಟವರನ್ನು ಮಾಘದವರೆಗೂ ನೆನೆಯುತ್ತಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಇಳಕಲ್ ಹೆಸರಿನಲ್ಲಿ ಮಾರಾಟವಾಗುವ ಸೀರೆಗಳಲ್ಲಿ ವಿದ್ಯುತ್ ಮಗ್ಗದವು ಧಾರಾಳವಾಗಿವೆ. ಕೈಮಗ್ಗವೆಂದು ಹೆಚ್ಚು ಬೆಲೆ ತೆರುವವರು 2006ರಲ್ಲಿ ಆರಂಭವಾದ ಕೈಮಗ್ಗ ಗುರುತನ್ನು ಕೇಳಿ ನೋಡುವುದು ಲೇಸು. ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ರಾಜ್ಯ ಸರ್ಕಾರದ ಕಾವೇರಿ, ಪ್ರಿಯದರ್ಶಿನಿ ಮಳಿಗೆಗಳಲ್ಲಿ ಕೊಂಡರೆ ಈ ಗೊಂದಲ ಅಷ್ಟಿರುವುದಿಲ್ಲ. ಎರಡನೆಯ ಮಾತು ಸಮಯದ್ದು. ನೇಕಾರನ ಬಳಿ ನೂರು ಜಮಖಾನೆಗಳ ದಾಸ್ತಾನಿರುವುದಿಲ್ಲ, ಇಡಲು ಬಂಡವಾಳವೂ ಇರುವುದಿಲ್ಲ. ಹಬ್ಬಕ್ಕೆ ಹತ್ತು ದಿನವಿರುವಾಗ ಬೇಡಿಕೆ ಬಂದರೆ ಅದರ ಲಾಭ ಸಲ್ಲುವುದು ಅಗ್ಗವಾಗಿ ಕೊಂಡು ಕೂಡಿಟ್ಟ ವರ್ತಕನಿಗೇ. ಸಿಬ್ಬಂದಿಗೆ ನೂರಾರು ಉಡುಗೊರೆ ಕೊಡುವ ಸಂಸ್ಥೆಗಳು ಶ್ರಾವಣದಲ್ಲೇ ಮುಂಗಡ ಕೊಟ್ಟು ಹೇಳಿಟ್ಟರೆ ಮಾತ್ರ ಹಣ ಮಗ್ಗದವರೆಗೆ ತಲುಪುತ್ತದೆ. ಮುಂಗಡವಿಲ್ಲದೆ, ಸಗಟು ರಿಯಾಯಿತಿಯನ್ನೂ ಹಿಂಡಿ, ‘ಸ್ಥಳೀಯ ಕುಶಲಕರ್ಮಿಗಳಿಗೆ ನಮ್ಮ ಬೆಂಬಲ’ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸುವವರೂ ಇದ್ದಾರೆನ್ನಿ.

ಪುಸ್ತಕದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ದೀಪಾವಳಿಯ ಆಸುಪಾಸಿನಲ್ಲೇ ರಾಜ್ಯೋತ್ಸವ ಬರುತ್ತದೆ, ಆಗ ಪ್ರಕಾಶಕರು ರಿಯಾಯಿತಿಯನ್ನೂ ನೀಡುತ್ತಾರೆ. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ಕನ್ನಡ ಪುಸ್ತಕ ಕೊಡಲು ಸಂಕೋಚಪಡುವ ಕಾರಣವೂ ಉಳಿದಿಲ್ಲ. ಓದುವ ಮಕ್ಕಳಿರುವ ಬಡ ಮನೆಗೆ ನೋಟ್‌ಬುಕ್, ಪೆನ್ಸಿಲ್‌ಗಳ ಕಟ್ಟು ಕೊಡಬಹುದು. ಅವುಗಳ ಮೇಲೆ ಈಗ ತೆರಿಗೆಯೇ ಇಲ್ಲ.

ಇಷ್ಟು ಹೇಳಿದ್ದು ಸಮಾನರ ನಡುವಿನ ಉಡುಗೊರೆಯ ಮಾತಾಯಿತು. ಹೆಚ್ಚು ತೊಡಕಿರುವುದು ದುಡಿಸಿಕೊಳ್ಳುವವರು ದುಡಿಯುವವರಿಗೆ ಕೊಡುವ ಉಡುಗೊರೆಯಲ್ಲಿ. 2025ರ ದೀಪಾವಳಿಯಲ್ಲಿ ಆಗ್ರಾ–ಲಖನೌ ಎಕ್ಸ್‌ಪ್ರೆಸ್ ಹೆದ್ದಾರಿಯ ಫತೇಹಾಬಾದ್ ಸುಂಕದ ಕಟ್ಟೆಯ ನೌಕರರು, ತಮಗೆ ದೊರೆತ 1,100 ರೂಪಾಯಿಯ ಬೋನಸ್ ಸಾಲದೆಂದು ಸಿಟ್ಟಿಗೆದ್ದು ಗೇಟುಗಳನ್ನು ಮೇಲೆತ್ತಿ ವಾಹನಗಳನ್ನು ಸುಂಕವಿಲ್ಲದೆ ಬಿಟ್ಟರು. ಸುದ್ದಿ ಓದಿದವರು ನಕ್ಕಿದ್ದುಂಟು. ಆದರೆ ಬೋನಸ್ ಎಂಬುದು ಧಣಿಯ ಔದಾರ್ಯವಲ್ಲ. 1965ರ ಬೋನಸ್ ಕಾಯ್ದೆ ಶೇ. 8.33ರ ಕನಿಷ್ಠ ಬೋನಸ್ಸನ್ನು ಹಕ್ಕಾಗಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, ನಿಗದಿತ ಮಿತಿಯೊಳಗಿನ ವೇತನದವರಿಗೆ ಅದನ್ನೇ ಉಳಿಸಿಕೊಂಡಿದೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಪಾವತಿಯಾಗಬೇಕು, ಅಂದರೆ ಮಾರ್ಚ್‌ಗೆ ವರ್ಷ ಮುಗಿಸುವವರಿಗೆ ನವೆಂಬರ್ ಕೊನೆಯ ಗಡುವು. ಹಬ್ಬದ ಕಾಲಕ್ಕೆ ಬೋನಸ್ ಬರುವುದರ ಹಿಂದೆ ಸಂಪ್ರದಾಯದೊಂದಿಗೆ ಈ ಲೆಕ್ಕವೂ ಇದೆ. ಸಿಹಿ ಪೆಟ್ಟಿಗೆ ಅದಕ್ಕೆ ಬದಲಿಯಾಗದು.

ಮನೆಗೆಲಸದವರಿಗೆ ಈ ಹಕ್ಕೂ ಇಲ್ಲ. ಅವರಿಗೆ 2004ರಲ್ಲೇ ಕನಿಷ್ಠ ವೇತನ ನಿಗದಿಪಡಿಸಿದ ಹೆಗ್ಗಳಿಕೆ ಕರ್ನಾಟಕದ್ದಾದರೂ, ಅವರ ಹಬ್ಬ ಇಂದಿಗೂ ಯಜಮಾನಿಯ ಮನಸ್ಸಿನ ಮೇಲೆಯೇ ನಿಂತಿದೆ. ವರ್ಷವಿಡೀ ದುಡಿದವರಿಗೆ ಬಂದ ಪೆಟ್ಟಿಗೆಗಳಲ್ಲಿ ಬೇಡವಾದದ್ದನ್ನು, ಉಟ್ಟು ಮಾಸಿದ ಸೀರೆಯನ್ನು ಕೊಟ್ಟು ಕೈತೊಳೆದುಕೊಳ್ಳುವ ಪರಿಪಾಠ ಎಷ್ಟು ಮನೆಗಳಲ್ಲಿಲ್ಲ? ಅವರಿಗೆ ಕೊಡಬೇಕಾದ ಮೊದಲ ಉಡುಗೊರೆ ಒಂದು ತಿಂಗಳ ಸಂಬಳ, ಅದೂ ಹಬ್ಬದ ಸಂಜೆಯಲ್ಲ, ಸಾಮಾನು ತರಲು ಅನುಕೂಲವಾಗುವಂತೆ ವಾರದ ಮೊದಲು. ಜೊತೆಗೆ ಹಬ್ಬದ ದಿನ ರಜೆ. ನಮ್ಮ ಮನೆಯಲ್ಲಿ ನೆಂಟರು ತುಂಬಿರುವ ದಿನವೇ ಅವರ ಮನೆಯಲ್ಲೂ ಹಬ್ಬ ಎಂಬುದನ್ನು ಮರೆಯುವುದು ಸುಲಭ.

ಇನ್ನೊಂದು ಸಾಧ್ಯತೆಯಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಜೀವನ ಜ್ಯೋತಿ ಬಿಮಾ ಯೋಜನೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದೊಳಗೆ ಸೇರಿದವರಿಗೆ ಯಾವುದೇ ಕಾರಣದ ಸಾವಿಗೂ 2 ಲಕ್ಷದ ರಕ್ಷಣೆಯಿದೆ. ಎರಡೂ ಸೇರಿ 456 ರೂಪಾಯಿ. ಒಂದು ಸಾಧಾರಣ ಒಣಹಣ್ಣಿನ ಪೆಟ್ಟಿಗೆಯ ಬೆಲೆಯೂ ಅಲ್ಲ. ಹಬ್ಬದ ದಿನ ಸಾವಿನ ಮಾತೇಕೆಂದು ಮೂಗು ಮುರಿಯುವವರಿರಬಹುದು. ದುಡಿಯುವ ಒಂದೇ ಕೈ ಇರುವ ಮನೆಯಲ್ಲಿ ಆ ಮಾತನ್ನು ಯಾರೂ ಅಪಶಕುನ ಎನ್ನುವುದಿಲ್ಲ. ಕಂತು ಅವರದೇ ಬ್ಯಾಂಕ್ ಖಾತೆಯಿಂದ ಕಡಿತವಾಗುವ ಕಾರಣ ಕೊಡುವವರು ಹಣವನ್ನು ಆ ಖಾತೆಗೇ ಹಾಕಬೇಕು, ಅರ್ಜಿ ತುಂಬಲು ಒಮ್ಮೆ ಅವರೊಂದಿಗೆ ಬ್ಯಾಂಕಿಗೂ ಹೋಗಬೇಕು. ನಾಮನಿರ್ದೇಶಿತರ ಹೆಸರು ಸರಿಯಾಗಿದೆಯೇ ಎಂದು ನೋಡಬೇಕು. ವಿಮೆಯ ವರ್ಷ ಮೇ 31ಕ್ಕೆ ಮುಗಿಯುವುದರಿಂದ ಆ ಹೊತ್ತಿಗೆ ಖಾತೆಯಲ್ಲಿ ಮತ್ತೆ 456 ರೂಪಾಯಿ ಇರುವಂತೆ ಪ್ರತಿ ವರ್ಷವೂ ನೆನಪಿಡಬೇಕು.