ಕೊಂಡಿ ತಲೆಯಲ್ಲೋ, ಬಾಲದಲ್ಲೋ?

ರಜಾ ಅರ್ಜಿ ಬರೆಯದೆ ಶಾಲೆ ಮುಗಿಸಿದವರು ನಮ್ಮಲ್ಲಿ ಸಿಗುವುದು ಕಷ್ಟ. ಕಲಿತ ಇಂಗ್ಲಿಷನ್ನೆಲ್ಲ ಮರೆತವರಿಗೂ ಆ ಅರ್ಜಿಯ ಮೊದಲ ಸಾಲು ಮಾತ್ರ ಬಾಯಿಗೆ ಬರುತ್ತದೆ: 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್...' ಅಪ್ಪ ಬರೆದದ್ದೂ ಅದೇ, ಮಗಳು ಬರೆಯುವುದೂ ಅದೇ. ಹೊಟ್ಟೆನೋವು ಬಂದಾಗಲೂ ಅರ್ಜಿಯಲ್ಲಿ ಬರುವುದು ಜ್ವರವೇ! ಆದರೆ ಆ ಸಾಲಿನ ಮೊದಲ ಪದವಾದ 'ಆ್ಯಸ್' ಅಲ್ಲಿ ಕುಳಿತು ಏನು ಕೆಲಸ ಮಾಡುತ್ತಿದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದು, ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಆಕೆ ಬರೆದ ಅರ್ಜಿ ಹೀಗಿತ್ತು: 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಅಟೆಂಡ್ ದ ಕ್ಲಾಸ್.' ಉಪನ್ಯಾಸಕರು 'ಸೋ' ಎಂಬ ಪದಕ್ಕೆ ಕೆಂಪು ಗೆರೆ ಎಳೆದರು. ಮುಂದಿನ ವಾರ ಪ್ರಬಂಧದಲ್ಲಿ 'ಆಲ್ದೋ ಇಟ್ ರೇನ್ಡ್, ಬಟ್ ದ ಮ್ಯಾಚ್ ಡಿಡ್ ನಾಟ್ ಸ್ಟಾಪ್' ಎಂದು ಬರೆದಳು. ಈ ಸಲ 'ಬಟ್' ಮೇಲೆ ಕೆಂಪು ಗೆರೆ. ಕಾರಣವನ್ನು ಯಾರೂ ಹೇಳಲಿಲ್ಲ. ಕಿರಾಣಿ ಅಂಗಡಿಯ ಗಲ್ಲಾ ಮುಂದೆ ಕುಳಿತ ಅಪ್ಪ ಆ ಹಾಳೆ ನೋಡಿ, "ಇದ್ದರೆ ತಪ್ಪೇನು? ಅರ್ಥ ಆಗುತ್ತಲ್ಲ!" ಎಂದರು.

ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ಇಂಗ್ಲಿಷ್ ವ್ಯಾಕರಣಕ್ಕಿಂತ ಮೊದಲು ಕನ್ನಡದ ಕಡೆಗೇ ನೋಡಬೇಕು.

'ಮಳೆ ಬಂದರೂ ಆಟ ನಿಲ್ಲಲಿಲ್ಲ.' ಈ ವಾಕ್ಯದಲ್ಲಿ ಎರಡು ಸಂಗತಿಗಳಿವೆ: ಮಳೆ ಬಂದದ್ದು ಒಂದು, ಆಟ ನಿಲ್ಲದ್ದು ಇನ್ನೊಂದು. ಎರಡನ್ನೂ ಜೋಡಿಸಿದ ಕೊಂಡಿ ಯಾವುದು? 'ಬಂದರೂ' ಎಂಬುದರ ಕೊನೆಯ 'ರೂ'. ಅದು ಕುಳಿತಿರುವುದು ಮೊದಲ ಉಪವಾಕ್ಯದ ಬಾಲದಲ್ಲಿ. 'ಜ್ವರ ಬಂದಿರುವುದರಿಂದ ತರಗತಿಗೆ ಬರಲಾಗುವುದಿಲ್ಲ' ಎಂಬಲ್ಲಿಯೂ ಕೊಂಡಿ 'ದರಿಂದ', ಅದೂ ಬಾಲದಲ್ಲಿ. 'ಬಸ್ಸು ಬಂದರೆ', 'ಬಸ್ಸು ಬಂದಾಗ', 'ಬಸ್ಸು ಬರುವವರೆಗೆ' ಎಲ್ಲದರಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. 'ಆ್ಯಸ್', 'ಬಿಕಾಸ್', 'ಆಲ್ದೋ', 'ಇಫ್', 'ವೆನ್', 'ಅಂಟಿಲ್' ಇವೆಲ್ಲ ತಮ್ಮ ಉಪವಾಕ್ಯದ ತಲೆಯ ಮೇಲೆ ಕೂರುತ್ತವೆ.

ಈಗ ಹುಡುಗಿಯ ಮನಸ್ಸಿನಲ್ಲಿ ಆದದ್ದನ್ನು ನೋಡಿ. 'ಆಲ್ದೋ' ಎಂದು ಬಾಯಿಪಾಠದಂತೆ ಬರೆದಳು. 'ಇಟ್ ರೇನ್ಡ್' ಮುಗಿಯಿತು. ಕನ್ನಡದಲ್ಲಿ 'ರೂ' ಬರಬೇಕಾದ ಸ್ಥಳಕ್ಕೆ ಸರಿಯಾಗಿ ಕೈ ಬಂದು ನಿಂತಿತು. ಇಲ್ಲೊಂದು ಕೊಂಡಿ ಬೇಕಲ್ಲ ಎಂದು ಕೈ ತಡವರಿಸಿ 'ಬಟ್' ಹಾಕಿತು. ಇದು ದಡ್ಡತನವಲ್ಲ. ತಾಯಿನುಡಿ ಕಲಿಸಿದ ಶಿಸ್ತು ಬೇರೆ ಊರಿನಲ್ಲಿ ಎಡವಿದೆ, ಅಷ್ಟೇ. ಎರಡು ಉಪವಾಕ್ಯಗಳಿಗೆ ಇಂಗ್ಲಿಷ್ ಒಂದೇ ಕೊಂಡಿಯನ್ನು ಬಯಸುತ್ತದೆ. 'ಆಲ್ದೋ' ಇದ್ದರೆ 'ಬಟ್' ಬೇಡ, 'ಬಟ್' ಇದ್ದರೆ 'ಆಲ್ದೋ' ಬೇಡ. (ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಓದಿ ಬೆಳೆದ ಹಿರಿಯರು 'ದೋ' ಜೊತೆಗೆ 'ಯೆಟ್' ಬರುತ್ತದಲ್ಲ ಎಂದು ಆಕ್ಷೇಪಿಸಬಹುದು. ಬರುತ್ತದೆ. ಆ ಜೋಡಿಗೆ ಒಪ್ಪಿಗೆ ಉಂಟು, 'ಬಟ್' ಜೋಡಿಗೆ ಇಲ್ಲ.)

ಕನ್ನಡ ವ್ಯಾಕರಣದಲ್ಲಿ ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಮಕ್ಕಳು ಓದಿರುತ್ತಾರೆ. ಇಂಗ್ಲಿಷ್ ಕೊಂಡಿಗಳಲ್ಲೂ ಅದಕ್ಕೆ ಹೊಂದುವ ಎರಡು ಬಣಗಳಿವೆ. 'ಆ್ಯಂಡ್', 'ಬಟ್', 'ಆರ್', 'ಸೋ' ಮುಂತಾದವು ಸಮಾನರ ಕೈ ಹಿಡಿಸುವವು. ಇವು ಎರಡು ಉಪವಾಕ್ಯಗಳ ನಡುವೆಯೇ ನಿಲ್ಲುತ್ತವೆ. 'ಬಿಕಾಸ್', 'ಆಲ್ದೋ' ಬಣದವು ಒಂದು ಉಪವಾಕ್ಯವನ್ನು ಇನ್ನೊಂದರ ಆಶ್ರಯಕ್ಕೆ ಒಯ್ಯುತ್ತವೆ. ಗುರುತಿಸುವುದು ಸುಲಭ. 'ವಿ ಸ್ಟೇಡ್ ಹೋಮ್ ಬಿಕಾಸ್ ಇಟ್ ರೇನ್ಡ್' ಎಂಬುದನ್ನು 'ಬಿಕಾಸ್ ಇಟ್ ರೇನ್ಡ್, ವಿ ಸ್ಟೇಡ್ ಹೋಮ್' ಎಂದು ಹಿಂದುಮುಂದು ಮಾಡಬಹುದು, ಅರ್ಥ ಕೆಡುವುದಿಲ್ಲ. 'ಇಟ್ ರೇನ್ಡ್, ಸೋ ವಿ ಸ್ಟೇಡ್ ಹೋಮ್' ಎಂಬುದರಲ್ಲಿ 'ಸೋ' ಭಾಗವನ್ನು ಮುಂದಕ್ಕೆ ತಂದು ನೋಡಿ, ವಾಕ್ಯ ಕುಸಿದು ಬೀಳುತ್ತದೆ.

ಇಷ್ಟಕ್ಕೇ ಆದರೆ ಹೋಗುವುದು ಅರ್ಧ ಅಂಕ. ನಿಜವಾದ ಪೆಟ್ಟು ಬೀಳುವುದು ವಿಜ್ಞಾನದ ಉತ್ತರ ಪತ್ರಿಕೆಯಲ್ಲಿ.

ಮಂಜುಗಡ್ಡೆ ನೀರಿನ ಮೇಲೆ ಏಕೆ ತೇಲುತ್ತದೆ ಎಂದು ಪ್ರಶ್ನೆ. ಒಂದು ಘನ ಸೆಂಟಿಮೀಟರ್ ನೀರಿನ ದ್ರವ್ಯರಾಶಿ ಸುಮಾರು 1 ಗ್ರಾಂ, ಅಷ್ಟೇ ಗಾತ್ರದ ಮಂಜುಗಡ್ಡೆಯದು ಸುಮಾರು 0.92 ಗ್ರಾಂ. ಹುಡುಗಿಗೆ ಇದು ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಕೇಳಿದರೆ 'ಸಾಂದ್ರತೆ ಕಡಿಮೆ ಇರುವುದರಿಂದ ಮಂಜುಗಡ್ಡೆ ತೇಲುತ್ತದೆ' ಎಂದು ಥಟ್ಟನೆ ಹೇಳುತ್ತಾಳೆ. ಅದನ್ನೇ ಅದೇ ಕ್ರಮದಲ್ಲಿ ಇಂಗ್ಲಿಷಿಗೆ ಇಳಿಸಿದಳು. ಸಾಂದ್ರತೆ ಕಡಿಮೆ ಎಂಬುದು ಮೊದಲು, 'ಇರುವುದರಿಂದ' ಎಂಬಲ್ಲಿ 'ಬಿಕಾಸ್', ಆಮೇಲೆ ತೇಲುವುದು: 'ದ ಡೆನ್ಸಿಟಿ ಆಫ್ ಐಸ್ ಈಸ್ ಲೆಸ್ ಬಿಕಾಸ್ ಇಟ್ ಫ್ಲೋಟ್ಸ್ ಆನ್ ವಾಟರ್.' ಒಂದು ಪದವೂ ತಪ್ಪಿಲ್ಲ, ಕಾಗುಣಿತವೂ ಸರಿ. ಆದರೆ ಇಂಗ್ಲಿಷಿನಲ್ಲಿ 'ಬಿಕಾಸ್' ತನ್ನ ಮುಂದೆ ಬರುವುದನ್ನೇ ಕಾರಣ ಎನ್ನುತ್ತದೆ. ಹಾಗಾಗಿ ಈ ವಾಕ್ಯದ ಅರ್ಥ 'ಮಂಜುಗಡ್ಡೆ ತೇಲುವುದರಿಂದ ಅದರ ಸಾಂದ್ರತೆ ಕಡಿಮೆಯಾಗಿದೆ' ಎಂದಾಯಿತು! ಕಾರಣ ಪರಿಣಾಮವಾಯಿತು, ಪರಿಣಾಮ ಕಾರಣವಾಯಿತು. ಮೌಲ್ಯಮಾಪಕರು 'ಈಕೆಗೆ ವಿಷಯವೇ ತಿಳಿದಿಲ್ಲ' ಎಂದುಕೊಂಡರೆ ಅವರನ್ನೂ ದೂರುವಂತಿಲ್ಲ. ಎಷ್ಟೋ ಬುದ್ಧಿವಂತ ಮಕ್ಕಳು ಪಿಯುಸಿಯ ಮೊದಲ ವರ್ಷದಲ್ಲಿ ಸೊರಗುವುದಕ್ಕೆ ವಿಜ್ಞಾನ ಕಾರಣವಲ್ಲ, ಇಂಥ ಒಂದು ಪುಟ್ಟ ಪದ ಕಾರಣ. ಪಾಲಕರು ಭೌತಶಾಸ್ತ್ರಕ್ಕೆ ಮನೆಪಾಠ ಹುಡುಕುವ ಮುನ್ನ ಮಗು ಬರೆದ ಉತ್ತರದಲ್ಲಿ 'ಬಿಕಾಸ್' ಎಲ್ಲಿ ಕೂತಿದೆ ಎಂದು ನೋಡುವುದು ಲೇಸು.

ಬಾಲದ ಕೊಂಡಿಯಿಂದ ಇನ್ನೊಂದು ತೊಡಕು 'ಅನ್ಲೆಸ್' ಪದದಲ್ಲಿದೆ. 'ನೀನು ಬರದ ಹೊರತು ನಾನು ಹೋಗುವುದಿಲ್ಲ' ಎನ್ನುತ್ತೇವೆ. 'ಬರದ' ಎಂಬಲ್ಲೇ ನಿಷೇಧವಿದೆ. ಅದನ್ನು ಹಾಗೆಯೇ ಸಾಗಿಸಿ 'ಅನ್ಲೆಸ್ ಯು ಡೋಂಟ್ ಕಮ್' ಎಂದು ಬರೆಯುವವರು ಬಹಳ. ಇಂಗ್ಲಿಷಿನ 'ಅನ್ಲೆಸ್' ತನ್ನ ಹೊಟ್ಟೆಯಲ್ಲೇ 'ನಾಟ್' ಇಟ್ಟುಕೊಂಡಿದೆ. 'ಅನ್ಲೆಸ್ ಯು ಕಮ್' ಎಂದರೆ ಸಾಕು. ಔಷಧಿಯ ಚೀಟಿಯ ಮೇಲೆ 'ಅನ್ಲೆಸ್ ಯು ಡೋಂಟ್ ಹ್ಯಾವ್ ಪೇನ್, ಡೋಂಟ್ ಟೇಕ್ ದಿಸ್ ಟ್ಯಾಬ್ಲೆಟ್' ಎಂದು ಬರೆದರೆ ಏನಾದೀತು? ಅಲ್ಲಿ ಒಂದು 'ನಾಟ್' ಹೆಚ್ಚಾದರೆ ಅಂಕವಲ್ಲ, ಆರೋಗ್ಯವೇ ಕೆಡುತ್ತದೆ.

ಇನ್ನು 'ಇಫ್' ಮತ್ತು 'ವೆನ್'. ನಮ್ಮ 'ರೆ' ಎರಡೂ ಕೆಲಸ ಮಾಡುತ್ತದೆ. 'ಬೆಳಗಾದರೆ ಹಾಲು ತರಬೇಕು' ಎನ್ನುವಾಗ ಬೆಳಗಾಗುವುದರ ಬಗ್ಗೆ ಯಾರಿಗೂ ಸಂಶಯವಿಲ್ಲ. 'ಮಳೆ ಬಂದರೆ ಕೊಡೆ ತಗೋ' ಎನ್ನುವಾಗ ಸಂಶಯವಿದೆ. ಕೇಳುವವನಿಗೆ ಸಂದರ್ಭದಿಂದಲೇ ತಿಳಿಯುತ್ತದೆ. ಇಂಗ್ಲಿಷ್ ಅಷ್ಟು ನಂಬುವುದಿಲ್ಲ. ಆಗುವುದು ಖಚಿತವಿದ್ದರೆ 'ವೆನ್', ಸಂಶಯವಿದ್ದರೆ 'ಇಫ್'. ದೂರವಾಣಿಯಲ್ಲಿ ಯಾರೋ ಅಪ್ಪನನ್ನು ಕೇಳಿದಾಗ 'ಇಫ್ ಮೈ ಫಾದರ್ ಕಮ್ಸ್ ಹೋಮ್, ಐ ವಿಲ್ ಟೆಲ್ ಹಿಮ್' ಎಂದು ಮಗು ಹೇಳಿದರೆ, ಆ ಕಡೆಯವರು ಈ ಮನೆಯ ಯಜಮಾನ ಮನೆಗೆ ಬರುವುದೇ ಅನುಮಾನವೇನೋ ಎಂದುಕೊಂಡಾರು! ವಿಜ್ಞಾನದ ನಿಯಮಗಳಲ್ಲಿ ಮಾತ್ರ ಈ ಭೇದ ಅಷ್ಟು ಮುಖ್ಯವಲ್ಲ. ಕಬ್ಬಿಣವನ್ನು 'ಇಫ್' ಕಾಯಿಸಿದರೂ ಹಿಗ್ಗುತ್ತದೆ, 'ವೆನ್' ಕಾಯಿಸಿದರೂ ಹಿಗ್ಗುತ್ತದೆ.

ಆಡುಮಾತಿನಲ್ಲಿ ಇಷ್ಟೆಲ್ಲ ಬಿಗಿ ಇಲ್ಲ. 'ಏಕೆ ತಡ?' ಎಂದು ಕೇಳಿದರೆ 'ಬಿಕಾಸ್ ದ ಬಸ್ ವಾಸ್ ಲೇಟ್' ಎಂದಷ್ಟೇ ಹೇಳಿ ನಿಲ್ಲಿಸಬಹುದು, ಇಂಗ್ಲಿಷ್ ತಾಯ್ನುಡಿಯವರೂ ಹಾಗೆಯೇ ಮಾತಾಡುತ್ತಾರೆ. ಉತ್ತರ ಪತ್ರಿಕೆಯಲ್ಲಿ ಅದೇ ಅರ್ಧ ವಾಕ್ಯ ಎನಿಸುತ್ತದೆ. 'ಆ್ಯಂಡ್', 'ಬಟ್' ಪದಗಳಿಂದ ವಾಕ್ಯ ಆರಂಭಿಸಕೂಡದು ಎಂದು ಹಿಂದಿನ ಮೇಷ್ಟರುಗಳು ಬೆತ್ತ ತೋರಿಸಿ ಹೇಳುತ್ತಿದ್ದರು. ಅದು ಕಟ್ಟುನಿಟ್ಟಿನ ನಿಯಮವೇನಲ್ಲ. ಒಳ್ಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ದಿನವೂ ಅಂಥ ವಾಕ್ಯಗಳು ಕಾಣುತ್ತವೆ. ಆದರೆ ಪುಟಕ್ಕೆ ಹತ್ತು ಸಲ ಬಂದರೆ ಚೆನ್ನಲ್ಲ.

ಹುಡುಗಿಯ ಅಪ್ಪ ಕಲಿತದ್ದು ಏಳನೆಯ ತರಗತಿ. ಆದರೂ ಒಂದು ಸಂಜೆ ಗಿರಾಕಿಗಳು ಕಡಿಮೆಯಾದಾಗ ಕನ್ನಡ ಪತ್ರಿಕೆಯೊಂದನ್ನು ಮಗಳ ಮುಂದೆ ಹಾಸಿ ಪೆನ್ಸಿಲ್ ಕೊಟ್ಟರು. 'ದರಿಂದ', 'ರೂ', 'ರೆ', 'ದಾಗ' ಕಂಡಲ್ಲೆಲ್ಲ ಸುತ್ತು ಹಾಕುವುದು, ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಸುತ್ತು ಹಾಕಿದ್ದನ್ನು ಎತ್ತಿ ಆ ಉಪವಾಕ್ಯದ ತಲೆಗೆ ಇಡುವುದು. ಸುತ್ತು ಹಾಕುವುದು ಅಪ್ಪನ ಪಾಲಿಗೆ, ಇಂಗ್ಲಿಷ್ ಮಗಳ ಪಾಲಿಗೆ ಎಂದು ಕೆಲಸ ಹಂಚಿಕೊಂಡರು. ಮೊದಲ ದಿನ ಆರು ವಾಕ್ಯ ಆಯಿತು, ಅದರಲ್ಲಿ ಎರಡು ತಪ್ಪು. ಮಂಜುಗಡ್ಡೆಯ ಉತ್ತರವನ್ನೂ ತಿದ್ದಿ ಬರೆದದ್ದಾಯಿತು: 'ಐಸ್ ಫ್ಲೋಟ್ಸ್ ಆನ್ ವಾಟರ್ ಬಿಕಾಸ್ ಇಟ್ಸ್ ಡೆನ್ಸಿಟಿ ಈಸ್ ಲೆಸ್.'

ಕೊನೆಗೆ ಒಂದು ವಾಕ್ಯವನ್ನು ಅವಳೇ ಕನ್ನಡದಲ್ಲಿ ಕಟ್ಟಿದಳು: 'ಇನ್ನೊಮ್ಮೆ ಜ್ವರ ಬಂದರೆ ಅರ್ಜಿ ಸರಿಯಾಗಿ ಬರೆಯುತ್ತೇನೆ.' 'ರೆ'ಗೆ ಸುತ್ತು ಬಿತ್ತು. "ಇಲ್ಲಿ ಇಫ್ ಹಾಕಲಾ, ವೆನ್ ಹಾಕಲಾ ಅಪ್ಪಾ?" ಎಂದು ಕೇಳಿದಳು.

"ಇಫ್ ಅಂತಲೇ ಹಾಕಮ್ಮ" ಎಂದರು ಅಪ್ಪ.