ಘಟ್ಟ ಇಳಿಯುವ ಮುನ್ನ

ಮನೆಯಲ್ಲಿ ಪ್ರವಾಸದ ಮಾತು ಎದ್ದಿತೆಂದರೆ ಎಲ್ಲರೂ ಭೂಗೋಳದ ಪಂಡಿತರೇ. ಅಪ್ಪನ ಕೈಯಲ್ಲಿ ಮೊಬೈಲಿನ ನಕ್ಷೆ. ಮಗಳ ಕೈಯಲ್ಲಿ ನೋಡಲೇಬೇಕಾದ ಜಲಪಾತಗಳ ಪಟ್ಟಿ. ಅಮ್ಮನಿಗೆ ಉಡುಪಿಯ ಕೃಷ್ಣನ ದರ್ಶನ ತಪ್ಪಬಾರದು. ಅಜ್ಜನಿಗೆ ಹಿಂದೊಮ್ಮೆ ಮಿನಿ ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿದಾಗ ಪಕ್ಕದವರು ವಾಂತಿ ಮಾಡಿಕೊಂಡದ್ದರ ನೆನಪು. ‘ಆಗುಂಬೆಯಿಂದ ಉಡುಪಿಗೆ 55 ಕಿಲೋಮೀಟರ್. ಗಂಟೆಗೆ ಅರವತ್ತರಂತೆ ಹೋದರೂ ಒಂದು ಗಂಟೆ ಸಾಕು. ಎರಡೇ ದಿನದಲ್ಲಿ ಮಲೆನಾಡು, ಕರಾವಳಿ ಎರಡನ್ನೂ ಸುತ್ತಿ ಬಂದುಬಿಡಬಹುದು’ ಎಂದು ಅಪ್ಪ ತೀರ್ಪು ಕೊಡುತ್ತಾರೆ.

ಗಣಿತ ಸರಿಯಾಗಿಯೇ ಇದೆ. ಆದರೆ ಅದು ಬಯಲುಸೀಮೆಯ ಗಣಿತ. ನಕ್ಷೆ ಚಪ್ಪಟೆಯಾದದ್ದು, ಸಹ್ಯಾದ್ರಿ ಹಾಗಲ್ಲ. ಘಟ್ಟದ ತಿರುವುಗಳಲ್ಲಿ ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ಘಟ್ಟ ಮತ್ತು ಕಡಲು ಎರಡನ್ನೂ ನೋಡಲು ಹೊರಡುವವರು ಕಿಲೋಮೀಟರ್ ಎಣಿಸುವ ಮೊದಲು ಎರಡು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಮಳೆ, ಇನ್ನೊಂದು ಇಳಿಜಾರು.

ಉದಾಹರಣೆಗೆ ಒಂದು ಸುತ್ತನ್ನೇ ನೋಡೋಣ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ; ಅಲ್ಲಿಂದ ಘಟ್ಟ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ; ಉಡುಪಿಯಿಂದ ಕಡಲಿನ ಪಕ್ಕದಲ್ಲೇ ಉತ್ತರಕ್ಕೆ ಕುಂದಾಪುರ, ಮರವಂತೆ, ಭಟ್ಕಳ, ಮುರ್ಡೇಶ್ವರ, ಹೊನ್ನಾವರ; ಮತ್ತೆ ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ. ಒಟ್ಟು ಹೆಚ್ಚುಕಡಿಮೆ 440 ಕಿ.ಮೀ. ಬಯಲಿನಲ್ಲಾದರೆ ಒಂದು ದಿನದ ದಾರಿ. ಇಲ್ಲಿ ಇದಕ್ಕೆ ನಾಲ್ಕು ದಿನ ಕೊಟ್ಟರೆ ಹಿತ.

ಇದೇ ಸುತ್ತನ್ನು ತಿರುಗಾಮುರುಗಾ ಮಾಡಿ, ಮೊದಲು ಜೋಗ, ಕೊನೆಗೆ ಆಗುಂಬೆ ಎಂದೂ ಹೋಗಬಹುದಲ್ಲ ಎಂದು ಕೇಳಬಹುದು. ಹೋಗಬಹುದು. ಆದರೆ ನಮ್ಮಲ್ಲಿ ವಾಹನ ರಸ್ತೆಯ ಎಡಕ್ಕೆ ಚಲಿಸುತ್ತದೆ. ಕರಾವಳಿಯಲ್ಲಿ ಉತ್ತರಕ್ಕೆ ಮುಖ ಮಾಡಿದವರಿಗೆ ಪಶ್ಚಿಮದ ಕಡಲು ಎಡಗಡೆಯೇ ಸಿಗುತ್ತದೆ. ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಲ್ಲಿ ಉತ್ತರಕ್ಕೆ ಹೋಗುವವರು ಎಡಕ್ಕೆ ಸರಿದು ನಿಂತರೆ ಕಡಲು ಎದುರಿಗೇ ಇರುತ್ತದೆ. ದಕ್ಷಿಣಕ್ಕೆ ಹೋಗುವವರು ಮಕ್ಕಳ ಕೈ ಹಿಡಿದುಕೊಂಡು ವೇಗವಾಗಿ ಬರುವ ಲಾರಿಗಳ ನಡುವೆ ಹೆದ್ದಾರಿ ದಾಟಬೇಕು. ಸಣ್ಣ ವಿಷಯ, ಆದರೆ ಯೋಜನೆ ಎಂದರೆ ಇಂಥ ಸಣ್ಣ ವಿಷಯಗಳ ಮೊತ್ತವೇ.

ಮೊದಲ ದಿನ ಬೆಳಿಗ್ಗೆ ಶಿವಮೊಗ್ಗ ಬಿಟ್ಟು, ತೀರ್ಥಹಳ್ಳಿಯಿಂದ ಕುವೆಂಪು ಅವರ ಕುಪ್ಪಳಿಗೆ ಹೋಗಿ, ಸಂಜೆಯ ಹೊತ್ತಿಗೆ ಆಗುಂಬೆ ಸೇರಬಹುದು. ಅಲ್ಲಿನ ಸೂರ್ಯಾಸ್ತದ ಖ್ಯಾತಿ ಹೊಸದೇನಲ್ಲ. ಅಷ್ಟು ಒಳನಾಡಿನಿಂದ ಕಡಲು ಕಾಣುವುದಾದರೂ ಹೇಗೆ? ಮರಳಿನ ಮೇಲೆ ನಿಂತವನಿಗೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿ.ಮೀ. ದೂರದಲ್ಲಿ. ಭೂಮಿ ದುಂಡಗಿರುವುದರಿಂದ ಕಣ್ಣು ಮೇಲೇರಿದಷ್ಟೂ ದಿಗಂತ ಹಿಂದೆ ಸರಿಯುತ್ತದೆ. ಸುಮಾರು 650 ಮೀಟರ್ ಎತ್ತರದ ಆಗುಂಬೆಯಿಂದ ಅದು ತೊಂಬತ್ತು ಕಿ.ಮೀ. ಆಚೆಗೆ ಹೋಗುತ್ತದೆ. ಕಡಲು ಅದಕ್ಕಿಂತ ಎಷ್ಟೋ ಈಚೆಗಿದೆ. ಮೋಡ, ಮಬ್ಬು ಇಲ್ಲದ ದಿನ ಸೂರ್ಯ ಅರಬ್ಬಿ ಸಮುದ್ರದಲ್ಲಿ ಅದ್ದುವುದು ಇಲ್ಲಿಂದಲೇ ಕಾಣುತ್ತದೆ.

ತಪ್ಪು ಆಗುವುದು ಸೂರ್ಯ ಮುಳುಗಿದ ನಂತರ. ‘ಉಡುಪಿಯಲ್ಲಿ ಕೋಣೆ ಕಾದಿರಿಸಿದ್ದೇವೆ, ರಾತ್ರಿ ಊಟ ಅಲ್ಲೇ’ ಎಂದು ಕತ್ತಲಲ್ಲಿ ಘಟ್ಟ ಇಳಿಯಲು ಹೊರಡುವವರು ಬಹಳ ಮಂದಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಜತೆಗೆ ಮಂಜು. ಮಂಜೆಂದರೆ ತೇಲುವ ನೀರಿನ ಹನಿಗಳು; ದೀಪವನ್ನು ಎತ್ತರಿಸಿ ಹಾಕಿದಷ್ಟೂ ಆ ಹನಿಗಳು ಬೆಳಕನ್ನು ಚಾಲಕನ ಕಣ್ಣಿಗೇ ಹಿಂದಿರುಗಿಸುತ್ತವೆ. ಸೂರ್ಯಾಸ್ತ ನೋಡಿದವರು ಆ ರಾತ್ರಿ ಮೇಲೆಯೇ ತಂಗಿ, ಬೆಳಿಗ್ಗೆ ಮಂಜು ಕರಗಿದ ಮೇಲೆ ಇಳಿಯುವುದು ಲೇಸು.

ಇಳಿಯುವಾಗಿನ ಇನ್ನೊಂದು ಲೆಕ್ಕ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಕಳೆದುಕೊಳ್ಳುವ ಶಕ್ತಿ ಎಷ್ಟು? 25 ಡಿಗ್ರಿಯಲ್ಲಿರುವ ಸುಮಾರು 23 ಲೀಟರ್ ನೀರನ್ನು, ಅಂದರೆ ಎರಡು ಕೊಡ ನೀರನ್ನು, ಕುದಿಯುವ ಮಟ್ಟಕ್ಕೆ ತರುವಷ್ಟು! ಬ್ರೇಕನ್ನೇ ತುಳಿಯುತ್ತಾ ಇಳಿದರೆ ಈ ಶಾಖದ ಬಹುಪಾಲು ಬ್ರೇಕಿನೊಳಗೇ ಹುಟ್ಟಬೇಕು. ಸುಟ್ಟ ವಾಸನೆ ಬರುವುದು, ತುಳಿದರೂ ಬ್ರೇಕು ಹಿಡಿಯದಿರುವುದು ಇದರಿಂದಲೇ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತು ಭೌತಶಾಸ್ತ್ರಕ್ಕೆ ಒಪ್ಪುವಂಥದ್ದು. ಆಗ ವಾಹನವನ್ನು ತಡೆಯುವ ಕೆಲಸವನ್ನು ಎಂಜಿನ್ ಹಂಚಿಕೊಳ್ಳುತ್ತದೆ. ಇಂಧನ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ. ಕಿರಿದಾದ ಕಡೆ ಹತ್ತುತ್ತಿರುವ ವಾಹನಕ್ಕೆ ಮೊದಲ ದಾರಿ; ಇಳಿಯುವವರು ನಿಂತು ಬಿಟ್ಟುಕೊಡಬೇಕು.

ಇನ್ನು ಅಜ್ಜ ಹೇಳುವ ವಾಂತಿಯ ವಿಚಾರ. ಒಳಗಿವಿಯಲ್ಲಿರುವ ದ್ರವ ಪ್ರತಿ ತಿರುವಿನಲ್ಲೂ ಅಲುಗಾಡಿ ‘ದೇಹ ತಿರುಗುತ್ತಿದೆ’ ಎಂದು ಮಿದುಳಿಗೆ ವರದಿ ಕಳಿಸುತ್ತದೆ. ಅದೇ ಹೊತ್ತಿಗೆ ಮೊಬೈಲಿನ ಪರದೆ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಶ್ಚಲವಾಗಿದೆ’ ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ. ಮಕ್ಕಳ ಕೈಯಿಂದ ಮೊಬೈಲು ತೆಗೆದಿಟ್ಟು ದೂರದ ಬೆಟ್ಟ ನೋಡಲು ಹೇಳುವುದು ಮೊದಲ ಮದ್ದು. ಹೊಟ್ಟೆ ಬಿರಿಯುವಂತೆ ತಿಂಡಿ ತಿಂದು ಘಟ್ಟಕ್ಕಿಳಿಯದಿರುವುದು ಎರಡನೆಯದು.

ಕೆಳಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಕೆತ್ತಿ ನಿಲ್ಲಿಸಿದಂಥ ಬಹುಕೋನದ ಕಲ್ಲುಕಂಬಗಳು ಕಾಣಸಿಗುತ್ತವೆ. ಕೆರೆಯ ಕೆಸರು ಒಣಗುವಾಗ ಬಿರುಕು ಬಿಡುವಂತೆ, ಲಾವಾ ತಣಿದು ಕುಗ್ಗುವಾಗ ಸೀಳಿದ್ದರಿಂದ ಉಂಟಾದ ರೂಪಗಳಿವು. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಕುರುಹು ಇದು. ದ್ವೀಪ ನೋಡಲು ಅರ್ಧ ದಿನವಾದರೂ ಬೇಕು. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ.

ಹಾಗಾದರೆ ಹೊರಡುವುದು ಯಾವಾಗ? ಜೂನ್ ಮೊದಲ ವಾರದ ಹೊತ್ತಿಗೆ ಅರಬ್ಬಿ ಸಮುದ್ರದ ಮೇಲಿಂದ ಬರುವ ತೇವದ ಗಾಳಿ ಸಹ್ಯಾದ್ರಿಗೆ ಅಡ್ಡ ಬಡಿಯುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದ ಗಾಳಿ ಹೊತ್ತ ನೀರನ್ನು ಅಲ್ಲೇ ಸುರಿಯುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 970 ಮಿ.ಮೀ. ಆಗುಂಬೆಗೆ ಸುಮಾರು 7,600 ಮಿ.ಮೀ. ಅಂದರೆ ಇಪ್ಪತ್ತೈದು ಅಡಿ! ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ. ಮಳೆ ಇಳಿಮುಖವಾದ, ಆದರೆ ಹಸಿರೂ ಝರಿಗಳೂ ಇನ್ನೂ ಬತ್ತದ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಈ ಸುತ್ತಿಗೆ ಹೇಳಿ ಮಾಡಿಸಿದ ಕಾಲ.

‘ಜಲಪಾತ ನೋಡಬೇಕಾದದ್ದೇ ಜುಲೈನಲ್ಲಿ’ ಎಂದು ಮಗಳು ವಾದಿಸಬಹುದು. ಅವಳ ಮಾತೂ ಸುಳ್ಳಲ್ಲ. ಆದರೆ ಒಂದು ದಿನ 200 ಮಿ.ಮೀ. ಮಳೆ ಸುರಿದರೆ ಒಂದು ಹೆಕ್ಟೇರ್ ಗುಡ್ಡದ ಮೇಲೆ ಬೀಳುವ ನೀರು ಎರಡು ಸಾವಿರ ಟನ್. ಹತ್ತು ಟನ್ನಿನ ಇನ್ನೂರು ಲಾರಿಗಳ ಹೊರೆ. ಎಲ್ಲವೂ ಹರಿದುಹೋಗುವುದಿಲ್ಲ, ಒಂದಷ್ಟು ಒಳಗಿಳಿಯುತ್ತದೆ. ಕರಾವಳಿಯ ಗುಡ್ಡಗಳಲ್ಲಿ ಮೇಲೆ ತೂತುತೂತಾದ ಮುರಕಲ್ಲು, ಅದರಡಿಯಲ್ಲಿ ಹಲವೆಡೆ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿಯಾಗಿರುವ ಶೇಡಿ, ನೀರು ಕುಡಿದರೆ ಬೆಣ್ಣೆಯಂತಾಗುತ್ತದೆ. ಕಣಕಣಗಳ ನಡುವೆ ಸೇರಿದ ನೀರು ಅವುಗಳನ್ನು ಒಂದರಿಂದೊಂದು ದೂಡಿ, ಹಿಡಿದಿಟ್ಟಿದ್ದ ಘರ್ಷಣೆಯನ್ನು ಸಡಿಲಿಸುತ್ತದೆ. ಇಂಥ ಗುಡ್ಡದ ಬುಡವನ್ನು ರಸ್ತೆಗಾಗಿ ನೇರವಾಗಿ ಕತ್ತರಿಸಿದರೆ, ಅಕ್ಕಿ ಮೂಟೆಗಳ ರಾಶಿಯಲ್ಲಿ ಕೆಳಗಿನ ಮೂಟೆಯನ್ನು ಎಳೆದಂತೆಯೇ.

2024ರ ಜುಲೈ 16ರ ಬೆಳಿಗ್ಗೆ ನಡೆದದ್ದು ಇದು. ನಮ್ಮ ಸುತ್ತಿನಲ್ಲಿ ಬೈಂದೂರಿನ ಬಳಿ ಸಿಗುವ ಶಿರೂರಲ್ಲ. ಹೊನ್ನಾವರದಿಂದ ಇನ್ನೂ ಉತ್ತರಕ್ಕೆ, ಅದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರು. ಹೆದ್ದಾರಿ ಅಗಲಿಸಲು ಬುಡ ಕತ್ತರಿಸಿದ್ದ ಗುಡ್ಡ ಭಾರಿ ಮಳೆಗೆ ಜಾರಿತು. ರಸ್ತೆ ಬದಿಯ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಲ್ಲಿಸಿದ್ದ ವಾಹನಗಳು ಎಲ್ಲವನ್ನೂ ಮಣ್ಣು ಪಕ್ಕದ ಗಂಗಾವಳಿ ನದಿಗೆ ನೂಕಿತು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಲಾರಿಯ ಸಮೇತ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಮನೆಯವರು ಕಾದಿದ್ದರು.

ಅಲ್ಲಿದ್ದವರು ಮಾಡಿದ ತಪ್ಪಾದರೂ ಏನು? ಏನೂ ಇಲ್ಲ. ದಾರಿಯಲ್ಲಿ ಎಲ್ಲರೂ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಗುಡ್ಡ ಕತ್ತರಿಸುವ ವಿಧಾನ ಬದಲಾಗಬೇಕಾದದ್ದು ರಸ್ತೆ ಮಾಡುವವರ ಹೊಣೆ. ಲಾರಿ ಚಾಲಕನಿಗೆ, ಅಂಗಡಿಯವರಿಗೆ ಹೊಟ್ಟೆಪಾಡು. ಮಳೆ ನೋಡಿ ಮನೆಯಲ್ಲಿ ಕೂರುವ ಸೌಕರ್ಯ ಅವರಿಗಿಲ್ಲ. ಪ್ರವಾಸಿಗೆ ಆ ಸೌಕರ್ಯ ಇದೆ. ಇದ್ದೂ ಬಳಸದಿದ್ದರೆ ಮಾತ್ರ ಅದು ತಪ್ಪು.

ಹೇಗೆ ಬಳಸುವುದು? ಹವಾಮಾನ ಇಲಾಖೆಯ ಬಣ್ಣಗಳನ್ನು ಓದಲು ಕಲಿಯುವುದು ಮೊದಲ ಹೆಜ್ಜೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಅದು ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಕೆಂಪು ಎಚ್ಚರಿಕೆ ಇರುವ ದಿನ ಘಟ್ಟದ ಕಡೆ ಹೊರಡುವುದೇ ಬೇಡ. ಆ ದಿನಕ್ಕಿಂತ ಹಿಂದಿನ ಮೂರು ನಾಲ್ಕು ದಿನ ಎಡೆಬಿಡದೆ ಸುರಿದಿದೆಯೇ ಎಂಬುದನ್ನೂ ನೋಡಬೇಕು. ಮಣ್ಣಿಗೆ ನೆನಪಿನ ಶಕ್ತಿ ಇದೆ. ದಾರಿಯಲ್ಲಿ ವಾಲಿದ ಮರ ಅಥವಾ ಕಂಬ, ರಸ್ತೆಗೆ ಉರುಳುತ್ತಿರುವ ಸಣ್ಣ ಕಲ್ಲುಗಳು, ಗುಡ್ಡದಿಂದ ಇದ್ದಕ್ಕಿದ್ದಂತೆ ಕೆಂಪಗೆ ಹರಿಯುವ ನೀರು ಕಂಡರೆ ಅಲ್ಲಿ ಫೋಟೋ ತೆಗೆಯಲು ನಿಲ್ಲಬಾರದು. ಕತ್ತರಿಸಿದ ಗುಡ್ಡದ ಕೆಳಗೆ ಮಳೆಗಾಲದಲ್ಲಿ ವಾಹನ ನಿಲ್ಲಿಸಲೇಬಾರದು.

‘ಒಂದು ಘಟ್ಟ ಮುಚ್ಚಿದರೆ ಇನ್ನೊಂದಿದೆ’ ಎಂಬ ಧೈರ್ಯವೂ ಅಷ್ಟು ಭದ್ರವಲ್ಲ. ಆಗುಂಬೆಗೆ ಬದಲು ಹುಲಿಕಲ್, ಶಿರಾಡಿಗೆ ಬದಲು ಚಾರ್ಮಾಡಿ ಎಂದು ನಕ್ಷೆ ತೋರಿಸುತ್ತದೆ. ಆದರೆ ಇವೆಲ್ಲ ಒಂದೇ ಗೋಡೆಯ ಬಾಗಿಲುಗಳು. ಬಡಿಯುವ ಮೋಡವೂ ಒಂದೇ. 2018ರ ಆಗಸ್ಟಿನಲ್ಲಿ ಮಡಿಕೇರಿ-ಸಂಪಾಜೆ ರಸ್ತೆ ಕುಸಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಶಿರೂರಿನ ಜತೆಗೇ ಶಿರಾಡಿಯಲ್ಲೂ ಮಣ್ಣು ಜರಿದು ಸಂಚಾರ ನಿಂತಿತು. ನಿಜವಾದ ಬದಲಿ ದಾರಿ ಎಂದರೆ ಯೋಜನೆಯಲ್ಲಿ ಖಾಲಿ ಬಿಟ್ಟ ಒಂದು ದಿನ. ಮರುದಿನ ಬೆಳಿಗ್ಗೆ ಕಚೇರಿಗೆ ಹಾಜರಾಗಲೇಬೇಕಾದವನು ಮುಚ್ಚಿದ ಘಟ್ಟದ ಮುಂದೆ ನಿಂತು ತೆಗೆದುಕೊಳ್ಳುವ ತೀರ್ಮಾನಕ್ಕೂ, ಒಂದು ದಿನ ಕೈಯಲ್ಲಿಟ್ಟುಕೊಂಡವನ ತೀರ್ಮಾನಕ್ಕೂ ಬಹಳ ಅಂತರವಿದೆ.

ಇಷ್ಟೆಲ್ಲ ಲೆಕ್ಕ ಮುಗಿಸಿ ನಾಲ್ಕನೆಯ ದಿನ ಹೊನ್ನಾವರದಿಂದ ಶರಾವತಿಯ ಕಣಿವೆ ಹಿಡಿದು ಮೇಲೇರಿದರೆ, 253 ಮೀಟರ್ ಎತ್ತರದಿಂದ ಧುಮುಕುವ ಜೋಗ ಕಾದಿರುತ್ತದೆ. ಆ ಕಣಿವೆಯ ಕಾಡು ಸಿಂಗಳೀಕಗಳ ತವರು. ಘಟ್ಟದ ರಸ್ತೆ ಬದಿಯ ಕೋತಿಗಳಿಗೆ ಬಿಸ್ಕತ್ತು ಎಸೆದರೆ ಅವು ರಸ್ತೆಯನ್ನೇ ಊಟದ ಮನೆ ಎಂದುಕೊಂಡು ಗಾಲಿಗೆ ಸಿಕ್ಕುತ್ತವೆ. ಅವುಗಳಿಗೆ ಕಾಡಿನ ಹಣ್ಣೇ ಸಾಕು.

ಹೀಗೆ ಮಾತಾಡಿ ಮುಗಿಸುವ ಹೊತ್ತಿಗೆ ಅಪ್ಪನ ಎರಡು ದಿನದ ಪ್ರವಾಸ ನಾಲ್ಕು ದಿನಕ್ಕೆ ಬೆಳೆದಿರುತ್ತದೆ. ಹೊರಡುವ ತಿಂಗಳು ಜುಲೈನಿಂದ ನವೆಂಬರಿಗೆ ಸರಿದಿರುತ್ತದೆ. ಮಗಳು ಹಾಳೆಯ ಮೇಲೆ ಒಂದೊಂದು ದಿನಕ್ಕೂ ಊರಿನ ಹೆಸರು ಬರೆದು, ಐದನೆಯ ದಿನದ ಎದುರಿಗೆ ಏನು ಬರೆಯಲಿ ಎಂದು ಕೇಳುತ್ತಾಳೆ. ‘ಅದನ್ನು ಹಾಗೇ ಬಿಡು ಮಗಾ’ ಎನ್ನುತ್ತಾರೆ ಅಜ್ಜ. ‘ಮಳೆ ಬಂದರೆ ತೀರ್ಥಹಳ್ಳಿಯಲ್ಲೇ ಉಳಿಯೋಣ. ಬಾರದಿದ್ದರೆ ಮರವಂತೆಯಲ್ಲಿ ಇನ್ನೊಂದು ದಿನ.’