ಒಂದೇ ಸೀಟು ಅಂತ ನಗ್ತೀರಲ್ಲ, ಆರ್‌ಸಿ ಯಾರ ಹೆಸರಲ್ಲಿದೆ ಅಂತ ಕೇಳಿದ್ರಾ?

ನಮ್ಮ ಚಿಕ್ಕ ಮಗ ಹಳೇ ಜಾವಾ ಪೆರಾಕ್ ತಗೊಂಡಿರೋ ವಿಷಯ ನಿಮಗೆಲ್ಲ ಗೊತ್ತೇ ಇದೆ. ಗ್ರೂಪಿಗೆ ಫೋಟೋ ಬಿದ್ದ ದಿನದಿಂದ ನನಗೆ ಬರ್ತಿರೋ ಮಾತು ಎರಡೇ. ಒಂದು, "ಇದೇನೇ, ಒಂದೇ ಸೀಟು? ನಾಳೆ ಹೆಂಡತಿ ಬಂದ್ರೆ ಎಲ್ಲಿ ಕೂರಿಸ್ತಾನೆ?" ಇನ್ನೊಂದು, "ಸೆಕೆಂಡ್ ಹ್ಯಾಂಡಂತೆ? ಒಂದು ಹೊಸಾದು ಕೊಡಿಸೋಕೆ ಆಗ್ಲಿಲ್ವಾ?" ಅಕ್ಕಂದಿರು, ಓರಗಿತ್ತಿಯರು, ನಮ್ಮ ಬೀದಿಯವರು, ಎಲ್ಲರದ್ದೂ ಇದೇ ರಾಗ. ಗಾಡಿ ಯಾರ ಹೆಸರಲ್ಲಿದೆ, ಸಾಲ ತೀರಿದ್ಯಾ, ಇನ್ಶೂರೆನ್ಸ್ ಬದಲಾಯ್ತಾ ಅಂತ ಒಬ್ಬರಾದ್ರೂ ಕೇಳಿದ್ರಾ? ಇಲ್ಲ. ನನ್ನ ಜಗಳ ಇರೋದೇ ಅಲ್ಲಿ. ನಗಬೇಡಿ ಅಂತ ನಾನು ಹೇಳಲ್ಲ. ಸುಮ್ನೆ ನಕ್ಕು, ಕೇಳಬೇಕಾದ್ದನ್ನ ಕೇಳದೇ ಬಿಡ್ತೀರಲ್ಲ, ಅದಕ್ಕೆ ಬೇಜಾರು.

ಮೊದಲು ಸೀಟಿನ ವಿಷಯ ಮುಗಿಸೋಣ. ಈ ಥರದ ಗಾಡಿಗೆ ಬಾಬರ್ ಅಂತಾರೆ. ನಾವು ಚಿಕ್ಕೋರಿದ್ದಾಗ ಬಾಬ್ ಕಟ್ ಅಂತ ಕೂದಲು ಕತ್ತರಿಸ್ಕೊಳ್ತಿದ್ವಲ್ಲ, ಅದೇ ಬಾಬ್. ಅಂದ್ರೆ ಮೋಟು ಮಾಡೋದು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ತಮ್ಮ ದೊಡ್ಡ ಗಾಡಿಗಳ ಭಾರ ಇಳಿಸೋಕೆ ಮಡ್‌ಗಾರ್ಡ್ ಕತ್ತರಿಸಿ, ಬೇಡದ ಸಾಮಾನೆಲ್ಲ ಬಿಚ್ಚಿ ಓಡಿಸ್ತಿದ್ರು. ಹಾಗೆ ಬೆಳೆದ ಫ್ಯಾಷನ್ ಇದು. ನಮ್ಮಲ್ಲಿ ಕಂಪನಿಯವರೇ ಹಾಗೆ ಮಾಡಿ ಮಾರ್ತಾರೆ. ಪೆರಾಕ್ ರಸ್ತೆಗೆ ಬಂದಿದ್ದು 2019ರ ಕೊನೆಗೆ ಬೆಲೆ ಹೇಳಿದ ಮೇಲೆ. ಅದರ ತಮ್ಮನ ಹಾಗಿರೋ 42 ಬಾಬರ್ ಬಂದಿದ್ದು 2022ರಲ್ಲಿ. ಎರಡಕ್ಕೂ 334 ಸಿಸಿ ಇಂಜಿನ್, ಎರಡಕ್ಕೂ ಕಂಪನಿ ಕೊಟ್ಟಿರೋದು ಒಬ್ಬರೇ ಕೂರೋ ಸೀಟು.

ಈಗ ನೀವೇ ಹೇಳಿ, ಎರಡು ಸೀಟಿನ ಗಾಡಿ ಮೇಲೆ ನಮ್ಮನ್ನ ಯಾರು ಯಾವ ಮಹಾ ಮರ್ಯಾದೆಯಿಂದ ಕೂರಿಸಿದ್ದಾರೆ? ಮುಂದೆ ಒಂದು ಮಗು, ಮಧ್ಯದಲ್ಲಿ ಒಂದು ಮಗು, ಹಿಂದೆ ನಾವು ಒಂದೇ ಕಡೆಗೆ ಕಾಲು ಹಾಕ್ಕೊಂಡು, ತೊಡೆ ಮೇಲೆ ತರಕಾರಿ ಚೀಲ. ಓಡಿಸೋರ ತಲೆಗೆ ಹೆಲ್ಮೆಟ್, ನಮ್ಮ ತಲೆಗೆ ಸೆರಗು! ಕಾನೂನು ಓದಿ ನೋಡಿ. ಓಡಿಸೋರ ಜೊತೆ ಇನ್ನೊಬ್ಬರೇ ಕೂರಬೇಕು, ಅದೂ ಸರಿಯಾಗಿ ಕೂರಿಸಿರೋ ಸೀಟಿನ ಮೇಲೆ. ಹಿಂದೆ ಕೂರೋರಿಗೆ ಹಿಡ್ಕೊಳ್ಳೋಕೆ ಹಿಡಿ ಇರಬೇಕು, ಕಾಲಿಡೋಕೆ ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಗಾರ್ಡ್ ಇರಬೇಕು. ಹೌದು, ನಾವು ಸೀರೆ ಗಾರ್ಡ್ ಅಂತೀವಲ್ಲ, ಅದು ಮೋಟಾರು ವಾಹನ ನಿಯಮದಲ್ಲೇ ಬರೆದಿರೋದು. ಹುಡುಗರು ಚೆಂದ ಕಾಣಲ್ಲ ಅಂತ ಮೊದಲ ವಾರದಲ್ಲೇ ಬಿಚ್ಚಿ ಅಟ್ಟಕ್ಕೆ ಎಸೀತಾರೆ. ಆಗ ಯಾರೂ ನಗಲ್ಲ.

ಹಾಗೆ ನೋಡಿದ್ರೆ ಒಂದೇ ಸೀಟಿನ ಗಾಡಿ ನೇರವಾಗಿ ಸತ್ಯ ಹೇಳುತ್ತೆ: ನನ್ನ ಮೇಲೆ ಒಬ್ಬರೇ. ಅವನಿಗೆ ಮದುವೆಯಾದ್ರೆ ಮನೇಲಿ ಸ್ಕೂಟರ್ ಇದೆ, ಇಲ್ದಿದ್ರೆ ಆ ಹುಡುಗಿ ತನ್ನದೇ ಗಾಡಿ ತಗೊಂಡು ಬರ್ತಾಳೆ. ನಾನು ಹೆದರೋದು ಬೇರೆಯದಕ್ಕೆ. "ಐನೂರು ರೂಪಾಯಿಗೆ ಹಿಂದೆ ಒಂದು ಸೀಟು ಕೂರಿಸಿಕೊಡ್ತಾರೆ ಆಂಟಿ" ಅಂತ ಹೇಳೋರಿದ್ದಾರಲ್ಲ, ಅದಕ್ಕೆ. ಹಿಡಿ ಇಲ್ಲ, ಕಾಲಿಡೋಕೆ ಇಲ್ಲ, ಮಡ್‌ಗಾರ್ಡಿಗೆ ಅಂಟಿಸಿರೋ ದಿಂಬಿನ ಮೇಲೆ ಕೂತು ನೀವು ಚಾಮುಂಡಿ ಬೆಟ್ಟಕ್ಕೆ ಹೋಗ್ತೀರಾ? ಆರ್‌ಸಿಯಲ್ಲಿ ಎಷ್ಟು ಜನ ಕೂರಬಹುದು ಅಂತ ಬರೆದಿರುತ್ತೆ. ಅದು ಒಂದು ಅಂತಿದ್ರೆ ಒಂದೇ.

ಇನ್ನು ಸೆಕೆಂಡ್ ಹ್ಯಾಂಡ್ ಅನ್ನೋ ಅವಮಾನ. ಅತ್ತೆಯವರ ಬಳೆ ನಮ್ಮ ಕೈಗೆ ಬಂದ್ರೆ ಅದು ಮನೆತನದ ಬಳೆ. ಅಜ್ಜಿಯ ಹಿತ್ತಾಳೆ ಹಂಡೆಗೆ ಇವತ್ತು ಹೊಸಾದಕ್ಕಿಂತ ಮರ್ಯಾದೆ ಜಾಸ್ತಿ. ಗಾಡಿ ಮಾತ್ರ ಯಾರೋ ಓಡಿಸಿದ್ದು ಅಂದ್ರೆ ಮೂಗು ಮುರೀತೀರಿ. ನಮ್ಮ ಮಾವನವರ ಜಾವಾ ಮೂರನೇ ಕೈಯದ್ದು. ಅದರಲ್ಲೇ ಅವರು ಇಪ್ಪತ್ತು ವರ್ಷ ಕೆಲಸಕ್ಕೆ ಹೋದ್ರು, ಅದರಲ್ಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಲಗ್ನಪತ್ರಿಕೆ ಹಂಚಿದ್ರು. ಆವಾಗ ಯಾರೂ "ಹೊಸಾದು ಆಗ್ಲಿಲ್ವಾ" ಅನ್ನಲಿಲ್ಲ.

ಪೆರಾಕ್ ಬಂದಾಗ ಶೋರೂಮ್ ಬೆಲೆಯೇ 1.95 ಲಕ್ಷದ ಹತ್ತಿರ. ಟ್ಯಾಕ್ಸು, ಇನ್ಶೂರೆನ್ಸು ಸೇರಿದ್ರೆ 2 ಲಕ್ಷ ದಾಟಿ ಎಲ್ಲೋ ಹೋಗುತ್ತೆ. ಶೋರೂಮಿನಿಂದ ಹೊರಗೆ ತಂದ ತಕ್ಷಣ ಇಳಿಯೋ ಬೆಲೆಯ ಪೆಟ್ಟು ಮೊದಲನೆಯವರು ತಿಂದಿರ್ತಾರೆ. ನಾವು ಕೊಟ್ಟಿದ್ದು 1 ಲಕ್ಷದ 28 ಸಾವಿರ, ಅದರಲ್ಲಿ 40 ಸಾವಿರ ನನ್ನ ಚೀಟಿ ದುಡ್ಡು. ತಿಂಗಳ ಕಂತು ಇಲ್ಲ, ಬ್ಯಾಂಕಿನವರ ಫೋನ್ ಇಲ್ಲ. ಇದರಲ್ಲಿ ನಾಚಿಕೆ ಪಡೋಕೆ ಏನಿದೆ?

ಹಾಗಂತ ಕಣ್ಣು ಮುಚ್ಕೊಂಡು ತಗೊಳ್ಳಿ ಅಂತಲೂ ಅಲ್ಲ. ನಮ್ಮ ಊರಲ್ಲಿ ಜಾವಾ ಅಂದ್ರೆ ಕಣ್ಣು ಒದ್ದೆ ಮಾಡ್ಕೊಳ್ಳೋ ಗಂಡಸರು ಬೇಕಾದಷ್ಟು ಇದ್ದಾರೆ. 1960ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಇದ್ದಿದ್ದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ. 1973ರಿಂದ ಅದೇ ಗಾಡಿ ಯೆಜ್ಡಿ ಆಯ್ತು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಲಿವರಿನಲ್ಲಿ ಕಿಕ್ಕೂ ಗೇರೂ, ಪೆಟ್ರೋಲಿಗೆ ಆಯಿಲ್ ಬೆರೆಸೋದು, ಬೀದಿ ತುದಿಯಲ್ಲೇ ಗೊತ್ತಾಗ್ತಿದ್ದ ಆ ಸದ್ದು, ಎಲ್ಲ ಸರಿ. ಆದ್ರೆ ಈಗಿನ ಜಾವಾ ಆ ಗಾಡಿ ಅಲ್ಲ ಕಣ್ರೀ. ಇದು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗೋದು. ಇಂಜಿನ್ ಬೇರೆ, ತಣ್ಣಗಿಡೋಕೆ ಕೂಲೆಂಟ್ ಬೇಕು, ಬೀದಿ ಮೂಲೆ ಮೆಕ್ಯಾನಿಕ್ ಸುತ್ತಿಗೆ ತಗೊಂಡು ಸರಿ ಮಾಡೋ ಕಾಲ ಅಲ್ಲ. "ನಮ್ಮ ಮೈಸೂರು ಗಾಡಿ" ಅನ್ನೋ ಮಮತೆಗೆ ಹತ್ತು ಸಾವಿರ ಜಾಸ್ತಿ ಕೊಡಬೇಡಿ. ಸರ್ವಿಸ್ ಎಲ್ಲಿ ಮಾಡ್ತಾರೆ, ಪಾರ್ಟು ಬರೋಕೆ ಎಷ್ಟು ದಿನ ಅಂತ ದುಡ್ಡು ಕೊಡೋಕೆ ಮುಂಚೆ ಕೇಳಿ.

ಗಾಡಿ ನೋಡೋಕೆ ಹೋಗೋರ ಜೊತೆ ನೀವೂ ಹೋಗಿ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ತಿರುಗಿಸಿ ನೋಡೋ ಕಣ್ಣು ಸಾಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ, ಹಿಟ್ಟಿನ ಪ್ಯಾಕೆಟ್ ಮೇಲಿನ ತಾರೀಖಿನ ಹಾಗೆ. ಹೊರಗೆ ಫಳಫಳ ಹೊಳೆಯುತ್ತಾ ಟೈರ್ ಹಳಸಿದ್ರೆ, ಆ ಯಜಮಾನ ಗಾಡಿ ತೊಳೆದಿದ್ದಾನೆ, ನೋಡಿಕೊಂಡಿಲ್ಲ. ಇಂಜಿನ್ ಮುಟ್ಟೋ ಮುಂಚೆ ದೂರದಿಂದ ಕೈ ಹಿಡಿದು ನೋಡಿ. ಮೊದಲೇ ಬಿಸಿ ಇದ್ರೆ, ನೀವು ಬರೋಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಆರೋವರೆಗೂ ಕಾಫಿ ಕುಡೀತಾ ಕೂತು, ಆಮೇಲೆ ಸ್ಟಾರ್ಟ್ ಮಾಡಿಸಿ. ಸೀಟು ತಗ್ಗು ಅಂತ ಹಗುರ ಅನ್ಕೋಬೇಡಿ, ಭಾರ 170 ಕೆಜಿ ದಾಟುತ್ತೆ. ಓಡಿಸೋ ಹುಡುಗ ಇಂಜಿನ್ ಆಫ್ ಮಾಡಿ ಹಿಂದಕ್ಕೆ ತಳ್ಳಿ ತೋರಿಸಲಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ದುಡ್ಡು ಕೊಟ್ಟು ಕೀ ಇಸ್ಕೊಂಡ್ರೆ ಗಾಡಿ ನಮ್ಮದಾಗಲ್ಲ. ಆರ್‌ಸಿಯಲ್ಲಿ ಹೆಸರು ಬಂದಾಗಲೇ ಆಗೋದು. ಮಾರಿದವರು ಫಾರಂ 29 ಕೊಟ್ಟು ಆರ್‌ಟಿಓಗೆ ತಿಳಿಸಬೇಕು, ಇಬ್ಬರೂ ಸಹಿ ಹಾಕಿರೋ ಫಾರಂ 30 ಹೋಗಬೇಕು. ಒಂದೇ ರಾಜ್ಯದೊಳಗಾದ್ರೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಅಂತ ಕಾನೂನಲ್ಲೇ ಇದೆ. ಗಾಡಿ ಸಾಲದಲ್ಲಿ ತಗೊಂಡಿದ್ರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತೆ. ಅದನ್ನ ತೆಗೆಸೋಕೆ ಬ್ಯಾಂಕಿನ ಎನ್‌ಒಸಿ ಜೊತೆಗೆ ಫಾರಂ 35 ಬೇಕು. ಬೇರೆ ರಾಜ್ಯದ ನಂಬರ್ ಆದ್ರೆ ಅಲ್ಲಿನ ಎನ್‌ಒಸಿ, ಇಲ್ಲಿನ ಟ್ಯಾಕ್ಸು, ಎರಡನ್ನೂ ಲೆಕ್ಕ ಹಾಕಿ. ಚಾಸಿ ನಂಬರು, ಇಂಜಿನ್ ನಂಬರು ಆರ್‌ಸಿ ಜೊತೆ ತಾಳೆ ನೋಡಿ. ಬಾಕಿ ದಂಡ ಎಷ್ಟಿದೆ ಅಂತ ಫೋನಲ್ಲೇ ನೋಡಬಹುದು.

ನಮಗೆ ಮಾರಿದವರು "ಸಾಲ ತೀರಿದೆ ಮೇಡಂ, ಕಾಗದ ಆಮೇಲೆ ಕಳಿಸ್ತೀನಿ, ಗಾಡಿ ತಗೊಂಡು ಹೋಗಿ" ಅಂದ್ರು. ಮಗನಿಗೆ ಆಗಲೇ ಕೀ ಕೈಯಲ್ಲಿತ್ತು. ನಾನು ಹೇಳಿದ್ದು ಒಂದೇ ಮಾತು, ಕಾಗದ ಬರಲಿ, ಆಮೇಲೆ ದುಡ್ಡು. ಅವನು ಮುಖ ಊದಿಸ್ಕೊಂಡು ಕೀ ವಾಪಸ್ ಕೊಟ್ಟ. 18 ದಿನ ಆಯ್ತು ಕಾಗದ ಬರೋಕೆ. 18 ದಿನ ಮನೇಲಿ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಪರವಾಗಿಲ್ಲ, ಮಾತು ಆಮೇಲೆ ಬಂತು, ನನ್ನ ಚೀಟಿ ದುಡ್ಡು ಹೋಗಿದ್ರೆ ಬರ್ತಿರಲಿಲ್ಲ.

ಇನ್ಶೂರೆನ್ಸ್ ಕೂಡ ಗಾಡಿ ಜೊತೆ ಬಂದೇ ಬರುತ್ತೆ ಅನ್ನೋದು ಅರ್ಧ ಸತ್ಯ. ರಸ್ತೇಲಿ ಬೇರೆಯವರಿಗೆ ಪೆಟ್ಟಾದ್ರೆ ಕೊಡೋ ಭಾಗ ಹೊಸ ಯಜಮಾನರಿಗೆ ಬರುತ್ತೆ. ಆದ್ರೆ ಪಾಲಿಸಿಯಲ್ಲಿ ಹೆಸರು ಬದಲಾಯಿಸೋಕೆ 14 ದಿನದೊಳಗೆ ಅರ್ಜಿ ಕೊಡಬೇಕು. ಕೊಡದೇ ಇದ್ದು ನಾಳೆ ಗಾಡಿ ಕಳುವಾದ್ರೆ ಕಂಪನಿಯವರಿಗೆ ಕೈ ಎತ್ತೋಕೆ ನಾವೇ ಕಾರಣ ಕೊಟ್ಟ ಹಾಗೆ. ಹಳೇ ಯಜಮಾನರ ನೋ ಕ್ಲೈಮ್ ಬೋನಸ್ ಅವರದ್ದು, ನಮಗೆ ಬರಲ್ಲ.

ಇದು ಕೊಳ್ಳೋರಿಗೆ ಮಾತ್ರ ಅಂತ ಸುಮ್ನೆ ಕೂರಬೇಡಿ. ಹಳೇ ಸ್ಕೂಟರ್ ಮಾರಿ "ಹೋಯ್ತಲ್ಲ, ಜಾಗ ಖಾಲಿ ಆಯ್ತು" ಅಂತ ನೆಮ್ಮದಿಯಾಗಿರೋರು ನಮ್ಮಲ್ಲೇ ಎಷ್ಟು ಜನ ಇಲ್ಲ! ಒಂದು ಗಾಡಿ ಕೈಯಿಂದ ಕೈಗೆ ಮಾರಾಟವಾಗಿ, ಆರ್‌ಸಿಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿದು, ಅಪಘಾತ ಆದ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2018ರಲ್ಲಿ ಕೋರ್ಟು ಹೇಳಿದ್ದು, ದಾಖಲೆಯಲ್ಲಿ ಯಾರ ಹೆಸರಿದ್ಯೋ ಅವರೇ ಯಜಮಾನರು, ಪರಿಹಾರದ ಹೊಣೆ ಅವರದ್ದೇ ಅಂತ. ಯಾರೋ ಓಡಿಸಿ, ಯಾರಿಗೋ ಗುದ್ದಿದ್ರೆ, ನೋಟಿಸ್ ನಿಮ್ಮ ಮನೆ ಬಾಗಿಲಿಗೆ. ಎಷ್ಟೋ ಮನೇಲಿ ಸ್ಕೂಟರ್ ಹೆಂಡತಿ ಹೆಸರಲ್ಲೇ ಇರುತ್ತೆ, ಅದನ್ನೂ ನೆನಪಿಟ್ಟುಕೊಳ್ಳಿ.

"ಅದೆಲ್ಲ ಗಂಡಸರ ವ್ಯವಹಾರ, ನಮಗೇನು ಗೊತ್ತಾಗುತ್ತೆ" ಅನ್ನೋ ಮಾತು ಮಾತ್ರ ನನ್ನ ಹತ್ರ ಆಡಬೇಡಿ. ನಮ್ಮ ದುಡ್ಡು ಬೇಕು, ಅಡ ಇಡೋಕೆ ನಮ್ಮ ಸರ ಬೇಕು, ನಮ್ಮ ಬಾಯಿ ಮಾತ್ರ ಬೇಡ ಅಂದ್ರೆ ಹೇಗೆ? ಪಿಯುಸಿ ಓದಿದ ನನಗೆ ಅರ್ಥವಾದ ಫಾರಂಗಳು ನಿಮಗೂ ಅರ್ಥ ಆಗುತ್ತೆ. ಎಲ್‌ಐಸಿ ಪಾಲಿಸಿ, ಗ್ಯಾಸ್ ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು ಜೋಪಾನ ಮಾಡಿದವರು ನಾವು.

ಮುಂದಿನ ಸಲ ಯಾರದ್ದಾದ್ರೂ ಹೊಸ-ಹಳೇ ಗಾಡಿಯ ಫೋಟೋ ಗ್ರೂಪಿಗೆ ಬಂದ್ರೆ, ಒಂದು ಹಾರ್ಟು ಹಾಕಿ, ಬೇಕಾದ್ರೆ ಸೀಟು ನೋಡಿ ನಗಿ. ಅದರ ಕೆಳಗೇ ನಾಲ್ಕು ಪ್ರಶ್ನೆ ಹಾಕಿ: ಆರ್‌ಸಿ ಯಾರ ಹೆಸರಲ್ಲಿದೆ? ಸಾಲ ತೀರಿದ ಕಾಗದ ಎಲ್ಲಿ? ಇನ್ಶೂರೆನ್ಸ್ ಬದಲಾಯ್ತಾ? ಹೆಲ್ಮೆಟ್ ಎಂಥದ್ದು ತಗೊಂಡೆ? ಉತ್ತರ ಬರೋವರೆಗೂ ಯಾರೂ ಸ್ವೀಟ್ ಕೇಳಬೇಡಿ.